ಗದ್ದಿಗೆಯ ಕಂಬಳಿ

ದುರುಗೇಶ ರಜೆಗೆಂದು ಹೊಸಹಳ್ಳಿಗೆ ಬಂದಿಳಿದಾಗ ತಾಯಿ ಕೊಟ್ರಬಸಮ್ಮ ಕಾಲಿಗೆ ನೀರು ಕೊಡುವ ಮೊದಲೇ ಕೇಳಿದಳು: "ಕಂಬಳಿ ಎಲ್ಲೈತೋ?"

ಕೇಳದೆ ಇರುತ್ತಾಳೆಯೇ? ನಾಳೆ ಮಗಳು ರೇಣುಕಾಳ ಮದುವೆ. ಗದ್ದಿಗೆ ಹಾಸಲು ಮನೆಯಲ್ಲಿದ್ದದ್ದು ಅದೊಂದೇ ಕರಿ ಕಂಬಳಿ. ಅದರ ಮೇಲೆ ದೇವರ ಕಳಸ ಕೂಡಬೇಕೇ ಹೊರತು ಮನುಷ್ಯರು ಹೊದೆಯುವಂತಿಲ್ಲ; ಬೇರೆ ಮನೆಯದನ್ನು ತಂದು ಹಾಸುವಂತೆಯೂ ಇಲ್ಲ. ವಾಯುಪಡೆಯಲ್ಲಿ ಮೆಕ್ಯಾನಿಕ್ ಆಗಿದ್ದ ಮಗ ಹೋದ ಸಲ ಅವಸರದಲ್ಲಿ ಪೆಟ್ಟಿಗೆಯಿಂದ ಅದನ್ನೇ ಎಳೆದುಕೊಂಡು ಲಡಾಖಿಗೆ ಹೋಗಿಬಿಟ್ಟಿದ್ದ.

"ತಂದೀನಬೇ."

"ಹೊದ್ಕೊಂಡ್ಯಾ?"

"ಇಲ್ಲ. ಬಿಚ್ಚಿದ ಕೂಡ್ಲೇ ಮೈಲಾರದ ಭಂಡಾರದ ಅರಿಷಿಣ ಉದುರ್ತು. ಗೊತ್ತಾತು. ಮಡಚಿ ಎತ್ತರಕ್ಕ ಇಟ್ಟೆ."

ತಂದೆ ಯರ್ರೆಪ್ಪ ನಕ್ಕುಬಿಟ್ಟ. "ಪಕ್ಕದಾಗ ಕಂಬಳಿ ಇಟ್ಕೊಂಡು ಮಂಜಿನ್ಯಾಗ ನಡುಗಿಕೋತ ಕುಂತಿದ್ದ್ಯೇನಲೇ?"

"ಹೂಂನಪ್ಪಾ. ಜೊತಿಗಿದ್ದೋರು ಹುಚ್ಚ ಅಂದ್ರು."

ಆದರೆ ಬಿಚ್ಚಿ ಹಾಸಿದರೆ ನಟ್ಟನಡುವೆ ಎಣ್ಣೆಯ ಕರೆ, ರೊಟ್ಟಿಯಷ್ಟಗಲ. ಕೊಟ್ರಬಸಮ್ಮನ ಮುಖ ಇಳಿಯಿತು. "ಇದೇನ್ಮಾಡಿದ್ಯೋ?"

ದುರುಗೇಶ ಕೂತು ಹೇಳಿದ. ಮಹಾಯುದ್ಧದ ಕಾಲದ ಡಕೋಟಾ ವಿಮಾನವೊಂದು ಎಂದೋ ಅಲ್ಲಿ ಇಳಿದು ಹಿಮದಲ್ಲಿ ಹೂತುಹೋಗಿತ್ತು. ಒಳಗಿದ್ದವರೆಲ್ಲ ಅವತ್ತೇ ಬದುಕಿ ಬಂದಿದ್ದರು, ವಿಮಾನ ಮಾತ್ರ ಉಳಿದಿತ್ತು. ಇವನ ತಂಡ ಹಿಮ ಕಡಿದು, ಬಿಡಿಬಿಡಿಯಾಗಿ ಬಿಚ್ಚಿ, ಹೇಸರಗತ್ತೆಗಳ ಮೇಲೆ ಹೇರಿ ಕೆಳಕ್ಕಿಳಿಸಿತು.

"ಪೈಲಟ್ ಮುಂದಿನ ಗಾಜು ಒಂದು ಗೀರೂ ಇಲ್ದಂಗ ಸಿಕ್ತವ್ವಾ. ಅಂಥದ್ದು ಈಗ ಯಾರೂ ಮಾಡಂಗಿಲ್ಲ. ಹೇಸರಗತ್ತಿ ಮ್ಯಾಲೆ ಹೇರಿದ್ರ ಪುಡಿಪುಡಿ. ಈಗ ತಾನೇ ಹುಟ್ಟಿದ ಕುರಿಮರೀನ ಅಪ್ಪ ಸುತ್ಕೊಂಡು ಬರ್ತಾನಲ್ಲ, ಹಂಗ ಕಂಬಳ್ಯಾಗ ಸುತ್ತಿ ಎದಿಗೆ ಅವಚಿಕೊಂಡು ಇಳ್ದೆ. ಗಾಜಿಗೆ ಮೆತ್ತಿದ್ದ ಎಣ್ಣಿ ಇದಕ್ಕ ಹತ್ತೇತಿ."

"ಈಗ ಅದು?"

"ಎಲ್ಲಾ ಜೋಡ್ಸೀವಿ. ಅದೇ ಗಾಜು ಹಾಕೀವಿ. ಹೋದ ತಿಂಗ್ಳು ಇಂಜಿನ್ನು ಶುರು ಆತು ನೋಡು, ಗುಡುಗಿದಂಗ!"

ಕೊಟ್ರಬಸಮ್ಮ ಕರೆಯನ್ನು ಬೆರಳಿಂದ ಮುಟ್ಟಿ ನೋಡಿದಳು. "ಮನುಷ್ಯಾರು ಹೊದ್ದಿಲ್ಲಲ್ಲ?"

"ನಿನ್ನಾಣಿ ಇಲ್ಲ."

"ಸತ್ತು ಬಿದ್ದಿದ್ದಕ್ಕ ಜೀವ ಬಂತಲ್ಲ?"

"ಬಂತು."

"ಮತ್ತ ಮೈಲಿಗಿ ಎಲ್ಲಿ ಬಂತು? ಬಿಸ್ಲಿಗೆ ಹಾಕು ಹೋಗು."

ಒಳಗಿಂದ ರೇಣುಕಾ ಕೂಗಿದಳು: "ನಾಳಿ ನನ್ನ ಗಂಡನೂ ಹಂಗ ಗುಡುಗಿದ್ರ ಏನ್ಮಾಡ್ಲಬೇ?"

"ನೀನೇ ಗುಡುಗ್ತಿ. ಅವನ್ನ ಯಾವ ಕಂಬಳ್ಯಾಗ ಸುತ್ತಬೇಕೋ!" ಎಂದ ಯರ್ರೆಪ್ಪ.

ಮರುದಿನ ಗದ್ದಿಗೆ ಹಾಸಿದಾಗ ಪೂಜಾರಿ ಬೊಮ್ಮಯ್ಯ ತಡೆದ. "ಯವ್ವಾ, ಇದೇನ ಎಣ್ಣಿ ಕರಿ?"

"ವಿಮಾನದ್ದು," ಎಂದಳು ಕೊಟ್ರಬಸಮ್ಮ, ಊರಿಗೆಲ್ಲ ಕೇಳುವಂತೆ. ಬೊಗಸೆ ತುಂಬ ಭಂಡಾರದ ಅರಿಶಿನ ಸುರಿದು, ಸರಿಯಾಗಿ ಕರೆಯ ಮೇಲೆಯೇ ಕಳಸ ಇಡಿಸಿದಳು.