ಅಣ್ಣನ ಹಾಡಿನ ಏರು

ಕಂಪ್ಯೂಟರಿನಲ್ಲಿ ಅಣ್ಣನ ಹಾಡು ಮುಗಿಯುವಷ್ಟರಲ್ಲಿ ಗಣಪಿಗೆ ಮೈಯೆಲ್ಲ ಉರಿದುಹೋಗಿತ್ತು. ಹೊನ್ನಾವರ ಪೇಟೆಯಲ್ಲಿ ಮೀನು ಮಾರಿ, ಖಾಲಿ ಬುಟ್ಟಿ ಹಿಡಿದು ನೇರ ಕಮಲಾಕರನ ರೆಕಾರ್ಡಿಂಗ್ ಸ್ಟುಡಿಯೋಗೆ ಬಂದಿದ್ದಳು.

"ಇದು ನಮ್ಮ ನಾಗಪತಣ್ಣ ಅಲ್ಲ. ಎಂತ ಮಾಡ್ದೆ ನೀನು?"

"ಸರಿ ಮಾಡ್ದೆ ಗಣಪಕ್ಕ. ನಿಮ್ಮಣ್ಣ ಸುರುವಿಗೆ ನಿಧಾನ, ಕಡೆಗೆ ಓಟ. ಶ್ರುತಿನೂ ಮೇಲೆ ಹೋಗ್ತಿತ್ತು. ಎಲ್ಲ ಒಂದೇ ಮಟ್ಟಕ್ಕೆ ತಂದೆ."

ಸರಿ ಮಾಡಿದನಂತೆ, ದೊಡ್ಡ ಪಂಡಿತ. ಒಂದು ದಿನ ದಡದಿಂದ ಎಳೆಯುವ ರಂಪಣಿ ಬಲೆಯ ಹಗ್ಗಕ್ಕೆ ಕೈ ಹಚ್ಚಿದ್ದರೆ ತಿಳಿಯುತ್ತಿತ್ತು. ಬಲೆ ದೂರವಿದ್ದಾಗ ಊರೇ ನಿಂತು ಎಳೆದರೂ ಗೇಣು ಗೇಣಾಗಿ ಬರುತ್ತದೆ. ಹಾಡೂ ಹಾಗೇ ಬರಬೇಕು. ದಡ ಹತ್ತಿರವಾದಂತೆ ಮೀನು ಸಿಡಿಯುತ್ತವೆ, ಬೇಗ ಎಳೆಯದಿದ್ದರೆ ಹಾರಿ ಹೋಗುತ್ತವೆ. ಆಗ ಹಾಡಿಗೆ ಓಟ, ಗಂಟಲಿಗೆ ಏರು. ಮೂವತ್ತು ವರ್ಷ ದಡದಲ್ಲಿ ನಿಂತು ಹಾಗೆ ಹಾಡಿಸಿದವನು ನಾಗಪತಿ. ಹೋದ ಮಳೆಗಾಲದಲ್ಲಿ ತೀರಿಕೊಂಡ. ಅವನ ದನಿ ಉಳಿದಿದ್ದು ಗಣಪಿಯ ಪೆನ್‌ಡ್ರೈವಿನಲ್ಲಿ ಮಾತ್ರ. ಹಾಡು ರೆಕಾರ್ಡ್ ಮಾಡಿದ್ದ ಮೊಬೈಲು ಮೀನಿನ ಐಸ್ ನೀರಿಗೆ ಬಿದ್ದು ಹಾಳಾಗಿತ್ತು. ವರ್ಷದ ಕಾರ್ಯಕ್ಕೆ ಹಾಕಲು ಸ್ವಲ್ಪ ಗಾಳಿಯ ಸದ್ದು ತೆಗೆದುಕೊಡು ಎಂದಷ್ಟೇ ಹೇಳಿ ಅದನ್ನು ಕಮಲಾಕರನಿಗೆ ಕೊಟ್ಟಿದ್ದಳು.

"ಮೊದಲಿಂದು ಎಲ್ಲಿ?"

"ಅದರ ಮೇಲೇ ಇದನ್ನ ಹಾಕ್ದೆ. ಅದು ಅಳಿಸಿ ಹೋಯ್ತು."

"ಯಾರನ್ನ ಕೇಳಿ?"

ಕಮಲಾಕರ ತಲೆ ತಗ್ಗಿಸಿದ. "ತಿರುಗಿ ಏರಿಸ್ಲಕ್ಕು. ಸುರುವಿನ ವೇಗ, ಕಡೇ ವೇಗ ಕೊಟ್ರೆ ನಡುವೆ ತಾನೇ ಏರ್ತದೆ. ಶ್ರುತಿನೂ ಹಾಗೇ."

ಏರಿಸಿ ಕೇಳಿಸಿದ. ಇಲ್ಲದ ಹಗ್ಗವೊಂದನ್ನು ಗಣಪಿ ಎರಡೂ ಮುಷ್ಟಿಯಲ್ಲಿ ಹಿಡಿದು ಎಳೆಯತೊಡಗಿದಳು. ನಡುವೆ ಅವಳ ಕೈ ನಿಂತಿತು, ಹಾಡು ನಿಲ್ಲಲಿಲ್ಲ.

"ಇಲ್ಲಿ ಬಲೆ ಕಲ್ಲಿಗೆ ಸಿಕ್ಕಿತ್ತು. ಅಣ್ಣ ದನಿ ಇಳಿಸಿ ಎಲ್ಲರನ್ನೂ ತಡೆದಿದ್ದ. ಅದೂ ನಿಂಗೆ ತಪ್ಪು ಕಂಡ್ತಾ?"

ಕಮಲಾಕರ ಮತ್ತೆ ಕಂಪ್ಯೂಟರಿಗೆ ಬಗ್ಗಿದ. ಹಾಡನ್ನು ತುಂಡು ತುಂಡು ಮಾಡಿದ. ಅವಳ ಕೈ ನೋಡಿ ಇಲ್ಲಿ ಇಳಿಸಿದ, ಅಲ್ಲಿ ತಡೆದ, ಆಮೇಲೆ ಚೂರು ಚೂರೇ ಏರಿಸಿದ. ಮಧ್ಯಾಹ್ನ ಕಳೆಯುವಷ್ಟರಲ್ಲಿ ಅಣ್ಣ ಅರ್ಧ ಮರಳಿದ್ದ. ಗಣಪಿಯ ಸಿಟ್ಟು ಮಾತ್ರ ಒಂದಿಷ್ಟೂ ಇಳಿದಿರಲಿಲ್ಲ.

"ಕಡೇಗೆ ವೇಗ ಎಷ್ಟಿಡ್ಲಿ ಗಣಪಕ್ಕ? ಒಂದು ಅಂಕಿ ಹೇಳಿ."

ಅವಳು ಮುಷ್ಟಿ ಸಡಿಲಿಸಲಿಲ್ಲ. "ಬಲೆ ಇನ್ನೂ ನೀರಲ್ಲೇ ಇದೆ. ಅಂಕಿ ಬಿಡು, ಹಗ್ಗ ಹಿಡಿ."

ಕಮಲಾಕರ ಮೌಸ್ ಬಿಟ್ಟು ಎದ್ದ. ಅವಳ ಹಿಂದೆ ನಿಂತು ಮುಷ್ಟಿ ಬಿಗಿದ.