ಗೆದ್ದವರಿಗೆ ಮೊದಲ ತಾಂಬೂಲ

ಆ ಭಾನುವಾರ ನಮ್ಮವರು ತಮ್ಮದೇ ಮನೆಯಲ್ಲಿ ಸಫಾರಿ ಸೂಟು ಹಾಕಿಕೊಂಡು ಕೂತಿದ್ದರು. ಏಪ್ರಿಲ್ ತಿಂಗಳ ಬಿಸಿಲು. ರಾಜಾಜಿನಗರದ ನಾಲ್ಕನೇ ಬ್ಲಾಕಿನ ನಮ್ಮ ಬಾಡಿಗೆ ಮನೆಗೆ ಶೀಟಿನ ಮಾಡು, ಇದ್ದ ಒಂದೇ ಟೇಬಲ್ ಫ್ಯಾನನ್ನು ಬರುವವರ ಕುರ್ಚಿಗಳ ಕಡೆ ತಿರುಗಿಸಿ ಇಟ್ಟಾಗಿತ್ತು. ಬೆವರು ಅವರ ಕತ್ತಿನಿಂದಿಳಿದು ಹೊಸ ಬಟ್ಟೆಯೊಳಗೆ ಹೋಗುತ್ತಿತ್ತು.

"ಜುಬ್ಬಾನಾದ್ರೂ ಹಾಕ್ಕೊಳ್ಳೀಂದ್ರೆ," ಅಂದೆ.

"ಮ್ಯಾನೇಜರ್ ಆಗೋನು ಜುಬ್ಬಾ ಹಾಕ್ಕೊಂಡು ಕೂತ್ಕೋತಾನೇನೇ?"

ಇನ್ನೂ ಆಗಿರಲಿಲ್ಲ. ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಪಂಪ್‌ಸೆಟ್ ಕಾರ್ಖಾನೆಯಲ್ಲಿ ಅವರು ಸೇಲ್ಸ್ ಆಫೀಸರು, ಅಷ್ಟೇ. ಮ್ಯಾನೇಜರ ಕುರ್ಚಿ ಖಾಲಿಯಾಗಿದೆ ಅನ್ನುವ ಸುದ್ದಿ ಕಿವಿಗೆ ಬಿದ್ದ ವಾರವೇ ಸಫಾರಿ ಹೊಲಿಸಲು ಕೊಟ್ಟು ಬಂದಿದ್ದರು. ಕೂಸು ಹುಟ್ಟುವ ಮುಂಚೆ ಕುಲಾವಿ. ಅವರ ಧೈರ್ಯಕ್ಕೆ ಕಾರಣ ಬಸವಲಿಂಗಪ್ಪನವರು. ಹಿಂದಿನ ವರ್ಷ ಅದೇ ಕಾರ್ಖಾನೆಗೆ ಜನರಲ್ ಮ್ಯಾನೇಜರಾಗಿ ಬಂದವರು. ನಮ್ಮವರ ಹಳೆಯ ಕ್ಲಾಸ್‌ಮೇಟು.

"ಒಂದೇ ಬೆಂಚು ಕಣೇ ನಾವು. ನನ್ನ ನೋಟ್ಸ್ ನೋಡ್ಕೊಂಡು ಪಾಸಾದೋನು ಅವನು. ನಂಗೆ ಕೊಡ್ದೆ ಇನ್ಯಾರಿಗೆ ಕೊಡ್ತಾನೆ?"

ನೋಟ್ಸ್ ಬರೆದವರು ಶೀಟಿನ ಮಾಡಿನ ಕೆಳಗೆ, ನೋಡಿಕೊಂಡು ಬರೆದವರು ಫಿಯೆಟ್ ಕಾರಿನಲ್ಲಿ. ಲೆಕ್ಕ ನನಗೆ ಅರ್ಥವಾಗಿತ್ತು. ನಮ್ಮವರಿಗೆ ಮಾತ್ರ ಇಪ್ಪತ್ತು ವರ್ಷದಿಂದ ಅರ್ಥವಾಗಿರಲಿಲ್ಲ. ಮೇಲಾಗಿ, ಮದುವೆಯಾಗಿ ಬಂದ ದಿನದಿಂದ ನಾನು ಕೇಳಿಕೊಂಡು ಬಂದದ್ದು ಒಂದೇ ಕಥೆ. ಸಂಜೆ ಕಾಲೇಜಿನಲ್ಲಿ ಬಿಸಿನೆಸ್ ಮ್ಯಾನೇಜ್‌ಮೆಂಟ್ ಡಿಪ್ಲೊಮಾ ಮಾಡಿದ್ದು, ಅದರಲ್ಲಿ ಇಡೀ ಬ್ಯಾಚಿಗೆ ಮೊದಲು ಬಂದದ್ದು, ಚನ್ನಕೇಶವ ಮೇಷ್ಟರು ಬೆನ್ನು ತಟ್ಟಿ "ನೀನು ಎಲ್ಲೋ ಇರಬೇಕಾದವನು ಲಕ್ಷ್ಮೀಪತಿ" ಅಂದದ್ದು. ಆ "ಎಲ್ಲೋ" ಎಲ್ಲಿದೆ ಅಂತ ಮೇಷ್ಟರು ಹೇಳದೆಯೇ ತೀರಿಕೊಂಡರು.

ಮೇಷ್ಟರು ಬಿಟ್ಟುಹೋದದ್ದು ಒಂದು ಆಟ. ಬ್ಯಾಚಿನವರು ವರ್ಷಕ್ಕೊಮ್ಮೆ ಒಬ್ಬರ ಮನೆಯಲ್ಲಿ ಸೇರಿ ಊಟ ಮಾಡುತ್ತಾರೆ. ಊಟವಾದ ಮೇಲೆ ಒಬ್ಬ ತನ್ನ ಆಫೀಸಿನ ಒಂದು ನಿಜವಾದ ತೊಂದರೆಯನ್ನು ಹೆಸರು, ಊರು ಎಲ್ಲ ಬದಲಾಯಿಸಿ ಮುಂದಿಡುತ್ತಾನೆ. ಅದಕ್ಕೆ "ಕೇಸು" ಅಂತ ಹೆಸರು. ಉಳಿದವರು ವಾದ ಮಾಡಿ ತೀರ್ಪು ಕೊಡಬೇಕು. ಯಾರ ಬಗ್ಗೆ ಅಂತ ಕೇಳುವಂತಿಲ್ಲ, ಅದು ನಿಯಮ. ಯಾರ ವಾದ ಗೆಲ್ಲುತ್ತದೋ ಅವರಿಗೆ ಆ ಮನೆಯ ಗೃಹಿಣಿ ಮೊದಲ ತಾಂಬೂಲ ಕೊಡಬೇಕು. ಬೇರೆಯವರ ಮನೆಗಳಲ್ಲಿ ನಮ್ಮವರು ಎಷ್ಟೋ ಸಲ ಗೆದ್ದು ಬಾಯಿ ಕೆಂಪು ಮಾಡಿಕೊಂಡು ಬಂದಿದ್ದರು. ಅವರು ಗೆದ್ದದ್ದೆಲ್ಲ ಅಲ್ಲೇ.

ಈ ಸಲದ ಸರದಿ ನಮ್ಮ ಮನೆಯದು. ಮೊದಲಿನ ಗುಂಪೆಲ್ಲ ಚದುರಿ ಬರುವವರು ಮೂವರೇ ಉಳಿದಿದ್ದರು. ಹೆಣ್ಣುಮಕ್ಕಳಿಬ್ಬರನ್ನೂ ಬಸವೇಶ್ವರನಗರದ ನನ್ನ ಅಕ್ಕನ ಮನೆಗೆ ಕಳಿಸಿ, ಬೆಳಗಿನಿಂದ ಒಲೆಯ ಮುಂದೆ ನಿಂತು ಹೋಳಿಗೆ ತಟ್ಟಿದ್ದೆ. ಆ ಮ್ಯಾನೇಜರ ಕುರ್ಚಿ ನನಗೂ ಬೇಕಾಗಿತ್ತು, ಸುಳ್ಳು ಯಾಕೆ ಹೇಳಲಿ.

ಊಟದ ಹೊತ್ತಿನಲ್ಲಿ ವರ್ಷದ ಸುದ್ದಿಗಳೆಲ್ಲ ಬಂದವು. ಗೋಪೀನಾಥ್ ಬ್ಯಾಂಕಿನವರು. ಕುಣಿಗಲ್ಲಿನಿಂದ ಗಾಂಧಿನಗರಕ್ಕೆ ವರ್ಗವಾಗಿದ್ದರು, ಮಗನಿಗೆ ಮೆಡಿಕಲ್ ಸೀಟು ಸಿಕ್ಕಿತ್ತು. ಶಂಭುಲಿಂಗಪ್ಪನವರದು ಬಿನ್ನಿಪೇಟೆಯಲ್ಲಿ ಬಟ್ಟೆಯ ಸಗಟು ವ್ಯಾಪಾರ. ವಿಜಯನಗರದಲ್ಲಿ ಮನೆಗೆ ತಾರಸಿ ಹಾಕಿಸಿದ್ದರು, ಮಗಳು ಬಸುರಿ. ಬಸವಲಿಂಗಪ್ಪನವರು ಏನೂ ಹೇಳಿಕೊಳ್ಳಲಿಲ್ಲ. ಹೊರಗೆ ನಿಂತ ಫಿಯೆಟ್ಟೇ ಹೇಳುತ್ತಿತ್ತು.

"ನಿಂದೇನಪ್ಪಾ ಲಕ್ಷ್ಮೀಪತಿ?" ಎಂದರು ಶಂಭುಲಿಂಗಪ್ಪ.

"ನನ್ನ ಸುದ್ದಿ ಮುಂದಿನ ತಿಂಗಳು ಕೇಳಿ," ಎಂದು ನಮ್ಮವರು ಬಸವಲಿಂಗಪ್ಪನವರ ಕಡೆ ನೋಡಿ ನಕ್ಕರು. ಅವರು ಹೋಳಿಗೆಗೆ ತುಪ್ಪ ಸಾಕು ಎಂದು ಕೈ ಅಡ್ಡ ಹಿಡಿದರು. ನಾನಿನ್ನೂ ತುಪ್ಪದ ಮಿಳ್ಳೆಯನ್ನು ಕೈಗೆ ತೆಗೆದುಕೊಂಡಿರಲಿಲ್ಲ.

ಬಸವಲಿಂಗಪ್ಪನವರ ಜೊತೆ ಅವರ ಹೆಂಡತಿ ಕಲ್ಯಾಣಮ್ಮನೂ ಬಂದಿದ್ದರು, ಊಟವಾದ ಮೇಲೆ ಅಡುಗೆಮನೆಗೆ ಬಂದರು. ದಾವಣಗೆರೆ ಕಡೆಯವರು, ಒಳ್ಳೆಯ ಹೆಂಗಸು. ನನ್ನ ಜೊತೆ ಎಲೆ ಅಡಿಕೆ ಜೋಡಿಸುತ್ತಾ ವಿಚಿತ್ರ ಪ್ರಶ್ನೆಗಳನ್ನು ಕೇಳತೊಡಗಿದರು.

"ನಿಮ್ಮ ತವರಿನ ಕಡೆ ಅನುಕೂಲಸ್ಥರೇನ್ರೀ?"

"ಪರವಾಗಿಲ್ಲ, ಅವರ ಪಾಡಿಗೆ ಅವರು ಇದಾರೆ."

"ಹೊಲಿಗೆ ಟೈಪಿಂಗು ಏನಾರ ಕಲ್ತೀರೇನ್ರೀ?"

"ಯಾಕೆ ಕಲ್ಯಾಣಮ್ಮನವರೇ?"

"ಸುಮ್ನೆ ಕೇಳಿದೆ ರೀ," ಎಂದು ಅವರು ಅಡಿಕೆ ತಟ್ಟೆಯ ಮೇಲೆ ಕಣ್ಣು ಇಳಿಸಿದರು.

ಅಷ್ಟರಲ್ಲಿ ಹಾಲ್‌ನಲ್ಲಿ ಬಸವಲಿಂಗಪ್ಪನವರು ಕೇಸು ಶುರು ಮಾಡಿದ್ದರು. ಕೊಯಮತ್ತೂರಿನ ಕಡೆ ಒಂದು ಫ್ಯಾನ್ ಕಂಪನಿಯಂತೆ. ಅಲ್ಲೊಬ್ಬ ಸೇಲ್ಸಿನವನು, ನಲವತ್ತು ದಾಟಿದವನು, ಇಬ್ಬರು ಗಂಡುಮಕ್ಕಳು. ಪ್ರಾಮಾಣಿಕ, ಒಂದು ಬಸ್ ಟಿಕೆಟ್ಟಿನ ಸುಳ್ಳು ಲೆಕ್ಕವನ್ನೂ ಬರೆದವನಲ್ಲ.

"ಆದ್ರೆ ಡೀಲರ್‌ಗಳಿಗೆ ಪಾಠ ಮಾಡ್ತಾನೆ," ಎಂದರು ಬಸವಲಿಂಗಪ್ಪ. "ಫ್ಯಾನು ಸದ್ದು ಮಾಡತ್ತೆ, ರಿಪೇರಿ ಮಾಡಿಸಿ ಅಂದ್ರೆ, ಗಿರಾಕಿ ಮನಸ್ಸು ಹೆಂಗೆ ಕೆಲಸ ಮಾಡತ್ತೆ ಅಂತ ಎರಡು ಗಂಟೆ ಹೇಳ್ತಾನೆ. ಪೊಳ್ಳಾಚಿಯ ದೊಡ್ಡ ಡೀಲರು ಕೂತು ಎಲ್ಲಾ ಕೇಳಿಸ್ಕೊಂಡು, ಕಾಫಿ ಕೊಟ್ಟು ಕಳ್ಸಿ, ಮಾರನೇ ದಿನ ಬೇರೆ ಕಂಪನಿಗೆ ಹೋದ. ಇವನು ಬರೋದು ಕಂಡ್ರೆ ಹಿತ್ತಲಿಗೆ ಹೋಗಿ ನಿಲ್ಲೋ ಡೀಲರುಗಳೂ ಇದಾರೆ."

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವರು ನಮ್ಮವರು.

ಅಡುಗೆಮನೆಯಲ್ಲಿದ್ದ ನನಗೆ ಗೊತ್ತಾಗಿಹೋಯಿತು. ಪೊಳ್ಳಾಚಿಯಲ್ಲ, ಅರಸೀಕೆರೆ. ಫ್ಯಾನಲ್ಲ, ಪಂಪು. ಸಂಕ್ರಾಂತಿ ಆದಮೇಲೆ ಟೂರಿನಿಂದ ಬಂದವರೇ ನನ್ನೆದುರು ಕುಳಿತು ಹಿಗ್ಗಿನಿಂದ ಹೇಳಿದ್ದರು: "ಅರಸೀಕೆರೆ ಡೀಲರಿಗೆ ಎರಡು ಗಂಟೆ ಮಾತಾಡ್ದೆ ಕಣೇ, ಪಿಟ್ಟನ್ನಲಿಲ್ಲ. ಕೈ ಕಟ್ಟಿ ಕೂತು ಕೇಳಿದ. ಕಾಫಿ ತರಿಸಿಕೊಟ್ಟ." ಆ ಕಾಫಿಯನ್ನು ಇವರು ಸನ್ಮಾನ ಅಂತ ಕುಡಿದಿದ್ದರು. ಅದಕ್ಕೇ ಈಗ ಕೇಸಿನ ಮನುಷ್ಯ ತಾನೇ ಅಂತ ಅವರಿಗೆ ಹೊಳೆಯಲೇ ಇಲ್ಲ. ಅವರ ಡೀಲರುಗಳು ಭಕ್ತಿಯಿಂದ ಕೇಳುವವರು, ಕೇಸಿನ ಡೀಲರುಗಳು ಬೇಸತ್ತವರು. ಎರಡೂ ಒಂದೇ ಹೇಗಾದೀತು? ನಮಗೆ ಹುಟ್ಟದ ಗಂಡುಮಕ್ಕಳನ್ನು ಬಸವಲಿಂಗಪ್ಪನವರು ಆ ಮಧ್ಯಾಹ್ನ ದಯಪಾಲಿಸಿದ್ದರು, ಅದೂ ಸಹಾಯವಾಯಿತು.

ಕಲ್ಯಾಣಮ್ಮನ ಮುಖ ನೋಡಿದೆ. ಆಕೆ ಸೆರಗಿನಿಂದ ತುಟಿ ಮುಚ್ಚಿಕೊಂಡಿದ್ದರು. ಹಾಗಾದರೆ ಎಲ್ಲರಿಗೂ ಗೊತ್ತು.

"ಪಾಪ, ಕೆಲಸದಿಂದ ತೆಗೆಯೋದು ಬೇಡಪ್ಪಾ," ಎಂದರು ಶಂಭುಲಿಂಗಪ್ಪ. ಹೇಳಿಕೊಟ್ಟ ಮಾತಿನ ಹಾಗೆ ಒಂದೊಂದೇ ಪದ ಬಂತು. "ಸ್ಟೋರ್ಸಿಗೆ ಹಾಕಬಹುದು. ಮಾಲು ಎಣಿಸ್ಕೊಂಡು ಇರ್ತಾನೆ. ಸಂಬಳ ಸ್ವಲ್ಪ ಕಡಿಮೆ ಆಗತ್ತೆ, ಅನ್ನಕ್ಕೆ ಮೋಸ ಇಲ್ಲ. ಏನಂತೀಯಾ ಲಕ್ಷ್ಮೀಪತಿ?"

"ಒಪ್ಪಲ್ಲ!" ನಮ್ಮವರು ಕುರ್ಚಿಯ ತುದಿಗೆ ಬಂದರು. "ಕೊಳೆತ ಟೊಮೆಟೊನ ಬುಟ್ಟಿ ಬದಲಾಯಿಸಿದ್ರೆ ತಾಜಾ ಆಗತ್ತೇನೋ? ಪಕ್ಕದಲ್ಲಿರೋದನ್ನೂ ಕೆಡಿಸತ್ತೆ."

"ರೀ," ಎಂದು ಕೂಗಿದೆ. "ಸ್ವಲ್ಪ ಬನ್ನಿ ಒಳಗೆ."

"ಬರ್ತೀನಿ ಇರೇ."

"ನಲವತ್ತು ದಾಟಿದೆ ಮಾರಾಯ, ಈ ವಯಸ್ಸಲ್ಲಿ ಅವನಿಗೆ ಯಾರು ಕೆಲಸ ಕೊಡ್ತಾರೆ?" ಎಂದರು ಗೋಪೀನಾಥ್. ಅವರ ದನಿಯಲ್ಲಿ ಬೇಡಿಕೆಯಿತ್ತು.

"ಅದು ಕಂಪನಿ ತಲೆನೋವಲ್ಲ ಗುರೂ. ಕಂಪನಿ ಏನು ಧರ್ಮಛತ್ರಾನಾ? ಮೇಷ್ಟ್ರು ಏನು ಹೇಳಿಕೊಟ್ಟಿದ್ರು? ಅಯ್ಯೋ ಪಾಪ ಅನ್ನೋದು ಎಲ್ಲಕ್ಕಿಂತ ದುಬಾರಿ ಅಂತ."

ಬೇಕೆಂದೇ ಹಿತ್ತಾಳೆ ತಪ್ಪಲೆಯನ್ನು ನೆಲಕ್ಕೆ ಬಿಟ್ಟೆ. ಠಣಾರ್ ಎಂದು ಬಿದ್ದು ಉರುಳಿತು. ಗಂಡಸರ ಮಾತು ಒಂದು ಗಳಿಗೆ ನಿಂತು ಮತ್ತೆ ಮುಂದುವರಿಯಿತು. ಕೊನೆಗೆ ನಾನೇ ಹಾಲ್‌ನ ಬಾಗಿಲಿಗೆ ಬಂದು ನಿಂತೆ.

"ಆ ಮನುಷ್ಯ ಯಾರಿರಬಹುದು ಅಂತ ಒಂದ್ಸಲ ಯೋಚನೆ ಮಾಡಿ ಮಾತಾಡೀಂದ್ರೆ."

ಮೂವರೂ ತಲೆ ತಗ್ಗಿಸಿದರು. ನಮ್ಮವರಿಗೆ ಅವಮಾನವಾಯಿತು. ಹೆಂಡತಿ ಮಧ್ಯೆ ಬಾಯಿ ಹಾಕಿದಳಲ್ಲ ಅಂತ.

"ಯಾರು ಅಂತ ಕೇಳಬಾರ್ದು ಅನ್ನೋದೇ ನಿಯಮ. ಇದೆಲ್ಲ ನಿಂಗೆ ಅರ್ಥ ಆಗಲ್ಲ ಕಣೇ, ಒಳಗೆ ಹೋಗು." ಬಸವಲಿಂಗಪ್ಪನವರ ಕಡೆ ತಿರುಗಿ, "ಮನೇಲಿರೋರಿಗೆ ಬರೀ ಕರುಣೆ ನೋಡು," ಎಂದು ನಕ್ಕರು.

ಕೋಪ ಬಂತು. ನೆತ್ತಿಗೇರುವಂಥ ಕೋಪ. ಬೇಕಾದರೆ ಅಲ್ಲೇ ಬಾಯಿ ಬಿಟ್ಟು ಹೇಳಬಹುದಿತ್ತು. ಹೇಳಲಿಲ್ಲ. ಆ ಮೂವರ ಮುಂದೆ ಅವರ ಮುಖ ಕಳಚಿ ಬೀಳುವುದನ್ನು ನೋಡುವ ಶಕ್ತಿ ನನಗಿರಲಿಲ್ಲ. ಒಳಗೆ ಹೋದೆ.

ಆಮೇಲೆ ಅವರನ್ನು ಹಿಡಿಯುವವರಿಲ್ಲ. ಸಫಾರಿಯ ಕಂಕುಳು ಪೂರ್ತಿ ನೆನೆದಿತ್ತು, ಕಣ್ಣು ಹೊಳೆಯುತ್ತಿತ್ತು. ಅವನನ್ನು ಇಟ್ಟುಕೊಂಡರೆ ಚೆನ್ನಾಗಿ ಕೆಲಸ ಮಾಡುವ ಹುಡುಗರು ಏನು ಕಲಿಯುತ್ತಾರೆ, ಬಿಟ್ಟುಹೋದ ಡೀಲರುಗಳನ್ನು ಮತ್ತೆ ಕರೆತರಲು ಅವನನ್ನು ಕೆಲಸದಿಂದ ತೆಗೆದದ್ದೇ ಹೇಗೆ ಒಳ್ಳೆಯ ಕಾರಣವಾಗುತ್ತದೆ, ಒಂದಾದ ಮೇಲೊಂದು ಬಿಡಿಸಿ ಬಿಡಿಸಿ ಹೇಳಿದರು. ಅಷ್ಟು ಚೆನ್ನಾಗಿ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಮೇಷ್ಟರು ಸುಳ್ಳು ಹೇಳಿರಲಿಲ್ಲ.

"ಸರಿ, ತೆಗೀಬೇಕು ಅಂತಾನೇ ಇಟ್ಕೋ," ಎಂದರು ಬಸವಲಿಂಗಪ್ಪ ನಿಧಾನವಾಗಿ. "ಅವನಿಗೆ ಹೇಳೋದು ಹೆಂಗೆ?"

"ಅವನಿಗೆ ಹೇಳಲೇಬೇಡ! ಅಳ್ತಾನೆ, ಕಾಲಿಗೆ ಬೀಳ್ತಾನೆ, ನಿನ್ನ ಮನಸ್ಸು ಕರಗತ್ತೆ. ಮೊದ್ಲು ಅವನ ಹೆಂಡತಿಗೆ ಹೇಳು. ಗಂಡನ ಯೋಗ್ಯತೆ ಎಷ್ಟು ಅಂತ ಹೆಂಡ್ತೀರಿಗೆ ಮುಂಚೇನೇ ಗೊತ್ತಿರತ್ತೆ ಕಣೋ. ಅವಳು ಹೇಳಿದ್ರೆ ತೆಪ್ಪಗೆ ಕೇಳ್ತಾನೆ."

ಯಾರೂ ನಗಲಿಲ್ಲ.

"ನೀನೇ ಗೆದ್ದೆ," ಎಂದರು ಬಸವಲಿಂಗಪ್ಪ.

ನಾನು ತಟ್ಟೆ ಹಿಡಿದು ಹೋದೆ. ನನ್ನ ಮನೆಯಲ್ಲೇ ನನ್ನ ಗಂಡನಿಗೆ ಮೊದಲ ತಾಂಬೂಲ ಕೊಟ್ಟೆ. ಗಂಡಸರು ಚಪ್ಪಾಳೆ ತಟ್ಟಿದರು, ಮೆಲ್ಲಗೆ. ನಮ್ಮವರು ಎಲೆಗೆ ಸುಣ್ಣ ಸವರುತ್ತಾ ನನ್ನ ಕಡೆ ನೋಡಿದ ನೋಟದಲ್ಲಿ, "ನೋಡಿದೆಯಾ?" ಅನ್ನುವ ಮಾತಿತ್ತು. ನೋಡಿದ್ದೆ.

ಹೊರಡುವಾಗ ಗೋಪೀನಾಥ್ ಮತ್ತು ಶಂಭುಲಿಂಗಪ್ಪ ಕಳ್ಳರ ಹಾಗೆ ಚಪ್ಪಲಿ ಮೆಟ್ಟಿಕೊಂಡು ಹೋದರು. ಕಲ್ಯಾಣಮ್ಮ ನನ್ನ ಕೈ ಹಿಡಿದರು, ಆಮೇಲೆ ಕಾರಿನಲ್ಲಿ ಕುಳಿತರು. ಬಸವಲಿಂಗಪ್ಪನವರು ಗೇಟಿನ ಹತ್ತಿರ ನಿಂತರು. ನಮ್ಮವರು ಒಳಗೆ ಕುರ್ಚಿ ಸರಿಸುವ ಸದ್ದು ಕೇಳುತ್ತಿತ್ತು.

"ನಿಮಗೆ ಗೊತ್ತಾಯ್ತು ಅಲ್ವೇನಮ್ಮಾ?"

"ಸ್ಟೋರ್ಸಿಗೆ ಹಾಕಿ ಸಾರ್," ಅಂದೆ. ನನ್ನ ದನಿ ನನಗೇ ಹೇಸಿಗೆಯಾಯಿತು. "ಅವರು ಮಾತಿಗೆ ಮಾತು ಅಂತ ಹೇಳಿದ್ದು. ಹೆಣ್ಣುಮಕ್ಕಳಿದಾವೆ."

"ಸ್ಟೋರ್ಸಿಗೆ ಹಾಕ್ಬೇಕು ಅಂತಾನೇ ಬಂದಿದ್ದೆನಮ್ಮಾ. ನಾನು ನೇರ ಹೇಳಿದ್ರೆ ಅವಮಾನ ಅಂತಾನೆ. ಎಲ್ಲರ ಜೊತೆ ಅವನ ಬಾಯಲ್ಲೂ ಅದೇ ಬಂದ್ರೆ ಆಮೇಲೆ ಒಪ್ಕೋತಾನೆ ಅಂತ. ಅವರಿಬ್ರಿಗೂ ಹೇಳಿಟ್ಟಿದ್ದೆ." ಕನ್ನಡಕ ತೆಗೆದು ಒರೆಸಿಕೊಂಡರು. "ಆದ್ರೆ ಅವನು ಹೇಳಿದ್ದು ಸರಿಯಾಗಿದೆ. ಅದೇ ಕಷ್ಟ. ಅಷ್ಟು ದೂರ ನಾನು ಯೋಚ್ನೆ ಮಾಡಿರಲಿಲ್ಲ. ಇಷ್ಟು ಕೇಳಿದ ಮೇಲೂ ಅವನನ್ನ ಇಟ್ಕೊಂಡ್ರೆ ನಾನು ಇನ್ನೆಂಥ ಜನರಲ್ ಮ್ಯಾನೇಜರು?"

ಜನ್ಮದಲ್ಲಿ ಒಬ್ಬ ಗಿರಾಕಿಗೂ ಒಂದು ಪಂಪನ್ನು ಮಾರಲಾರದವರು ಆ ಮಧ್ಯಾಹ್ನ ತಮ್ಮನ್ನೇ ಮಾರಿಬಿಟ್ಟಿದ್ದರು.

"ನಾಳೆ ಅವನು ಬರೋದು ಬೇಡ. ನೀವೇ ಹೇಳ್ಬಿಡಿ," ಎಂದರು ಕಾರಿನ ಬಾಗಿಲು ತೆಗೆಯುತ್ತಾ. "ಅದನ್ನೂ ಅವನೇ ಹೇಳಿದಾನೆ."

ಒಳಗೆ ಬಂದಾಗ ನಮ್ಮವರು ಫ್ಯಾನನ್ನು ತಮ್ಮ ಕಡೆ ತಿರುಗಿಸಿಕೊಂಡು ಸೋಫಾದಲ್ಲಿ ಕಾಲು ಚಾಚಿದ್ದರು. ಸಫಾರಿ ಬಿಚ್ಚಿರಲಿಲ್ಲ. ತುಟಿ ಕೆಂಪಾಗಿತ್ತು.

"ಏನಂತೆ ಗೇಟ್ ಹತ್ರ? ನನ್ನ ಬಗ್ಗೆ ಏನಾದ್ರೂ ಅಂದನಾ?"

"ನೀವು ಹೇಳಿದ್ದು ಅಷ್ಟೂ ಸರಿಯಂತೆ. ಹಾಗೇ ಮಾಡ್ತಾರಂತೆ."

"ನಾನು ಹೇಳ್ಲಿಲ್ವೇನೇ! ಈ ತಲೇನ ಬಿಟ್ಟು ಅವನು ಇನ್ಯಾರನ್ನ ಮ್ಯಾನೇಜರ್ ಮಾಡ್ತಾನೆ?"

"ಆ ಮನುಷ್ಯನ ಹೆಂಡತಿಗೂ ಹೇಳಿ ಆಯ್ತಂತೆ."

"ಇಷ್ಟು ಬೇಗಾನಾ? ಭಲೇ! ಏನಂದ್ಲಂತೆ ಅವಳು?"

ನಾನು ಅವರ ಎದುರು ಕುಳಿತೆ, ಬಸವಲಿಂಗಪ್ಪನವರು ಕೂತಿದ್ದ ಕುರ್ಚಿಯಲ್ಲೇ.

"ಇನ್ನೂ ಏನೂ ಅಂದಿಲ್ಲ," ಅಂದೆ.

ಅವರು ನಕ್ಕರು. ನಕ್ಕು ನನ್ನ ಮುಖ ನೋಡಿದರು. ನಾನು ಕಣ್ಣು ತೆಗೆಯಲಿಲ್ಲ, ಸಹಾಯವನ್ನೂ ಮಾಡಲಿಲ್ಲ. ಇಡೀ ಬ್ಯಾಚಿಗೆ ಮೊದಲು ಬಂದ ಮನುಷ್ಯ, ತಾನೇ ಲೆಕ್ಕ ಹಾಕಿಕೊಳ್ಳಲಿ ಅಂತ ಕಾದೆ. ಸ್ವಲ್ಪ ಹೊತ್ತಿಗೆ ಅವರು ಎಲೆ ಅಗಿಯುವುದನ್ನು ನಿಲ್ಲಿಸಿದರು.