ಪಾರ್ಕಿನ ಬಣ್ಣ ಬಳಿದ ಸೈಟು

ಪೀಣ್ಯದ ರಸ್ತೆಯಲ್ಲಿ ಮೆಟ್ರೊ ಕಂಬಗಳು ಏಳುತ್ತಿದ್ದ ವರ್ಷ. ಬಾಗಲಗುಂಟೆಯ ಸೊಣ್ಣಮ್ಮನ ಮನೆ ಪಕ್ಕದ ಖಾಲಿ ಸೈಟಿನಲ್ಲಿ ಅವರೆ ಹೂ ಉದುರಿಸಿ ಕಾಯಿ ಕಚ್ಚುತ್ತಿತ್ತು. ಸೈಟು ರಾಜಾಜಿನಗರದ ಜಯಸಿಂಹನದು. ಅವರೆ ಮಾತ್ರ ಹದಿನಾಲ್ಕು ವರ್ಷದಿಂದ ಸೊಣ್ಣಮ್ಮನದು. ಕಲ್ಲು ಆಯ್ದು, ಕಳೆ ಕಿತ್ತು, ಮುನೇಶ್ವರನ ಹೆಸರು ಹೇಳಿ ಬಿತ್ತಿದವಳು ಅವಳೇ. ಈಗ ಜಯಸಿಂಹ ಅಲ್ಲಿ ಬಾಡಿಗೆ ರೂಮು ಕಟ್ಟಿಸಲು ಹೊರಟಿದ್ದ. ಗುರುವಾರ ಹನ್ನೊಂದಕ್ಕೆ ಜೆಸಿಬಿ ಬರುವುದಿತ್ತು.

"ಅನ್ನೆರಡು ವರ್ಸ ದಾಟಿದ್ರೆ ಜಾಗ ನಮ್ದೇ ಆಯ್ತದಂತೆ ಕಣಮ್ಮಿ. ವಕೀಲ್ರ ತಾವ ಓಗ್ ಬಾ" ಎಂದು ಗಂಡ ಹನುಮಯ್ಯ ಆ ಗುರುವಾರ ಬೆಳಿಗ್ಗೆಯೇ ಅವಳನ್ನು ದಾಸರಹಳ್ಳಿಗೆ ಅಟ್ಟಿದ.

ವಕೀಲೆ ಸುಕೃತಿ ಪೆನ್ನು ತೆಗೆದಳು. "ಅಮ್ಮ, ಒಡೆಯನಿಗೆ ಎದುರಾಗಿ, 'ಇದು ನನ್ನದು' ಅಂತ ರಾಜಾರೋಷವಾಗಿ ಹನ್ನೆರಡು ವರ್ಷ ಅನುಭವಿಸಿರಬೇಕು. ನೀವು ಬೆಳೆಯೋದು ಅವರಿಗೆ ಗೊತ್ತಿತ್ತಾ?"

"ಗೊತ್ತಿಲ್ದೆ ಏನವ್ವ!" ಸೊಣ್ಣಮ್ಮ ಹೆಮ್ಮೆಯಿಂದ ಸೆರಗು ಸರಿಪಡಿಸಿಕೊಂಡಳು. "ಒಂದು ಸಂಕ್ರಾಂತಿ ತಪ್ಪಿಲ್ಲ. ಮೊದಲ್ನೇ ಕುಯ್ಲಿನ ಕಾಯಿ ಒಂದು ಚೀಲ ತಕ್ಕೊಂಡೋಗಿ, 'ನಿಮ್ಮ ಮಣ್ಣಿಂದು ಕಣಪ್ಪ, ತಿನ್ನಿ' ಅಂತ ಕೊಟ್ಟು ಬತ್ತೀನಿ."

ಪೆನ್ನು ಸುಕೃತಿಯ ಕೈಜಾರಿ ಮೇಜಿನ ಕೆಳಗೆ ಉರುಳಿತು. "ಅಯ್ಯೋ ಅಮ್ಮ! ಹದಿನಾಲ್ಕು ಸಲ ಅವರ ಮನೆ ಬಾಗಿಲಿಗೇ ಹೋಗಿ, ಜಾಗ ನಿಮ್ಮದೇ ಅಂತ ಒಪ್ಪಿಕೊಂಡು ಬಂದಿದೀರಲ್ರೀ! ಒಂದು ಸಲನಾದ್ರೂ ಜಗಳ ಆಡಬಾರದಿತ್ತಾ?"

"ಅವ್ರ ಮಣ್ಣಲ್ಲಿ ಬೆಳ್ದು ಅವ್ರಿಗೇ ಕೊಡ್ದೆ ತಿಂದ್ರೆ ಮುನೇಶ್ವರ ಸುಮ್ಕಿರ್ತಾನಾ?"

ಸುಕೃತಿಗೆ ನಗು ತಡೆಯಲಾಗಲಿಲ್ಲ. ಕಣ್ಣೊರೆಸಿಕೊಂಡು ನಗರದ ಯೋಜನಾ ನಕ್ಷೆ ಬಿಡಿಸಿದಳು. ನಿಮ್ಮ ಸೈಟು ಇದು ಎಂದು ತೋರಿಸಿದ ಚೌಕ ಹಸಿರಾಗಿತ್ತು. "ಪಾರ್ಕಿಗೆ ಮೀಸಲು. ಕೇಸು ಗೆದ್ದಿದ್ರೂ ನೀವು ಮನೆ ಕಟ್ಟೋಹಾಗಿರಲಿಲ್ಲ. ವರ್ಷಗಟ್ಟಲೆ ಕೂತ್ರೆ ಒಡೆಯ ಬದಲಾಗಬಹುದು, ಈ ಬಣ್ಣ ಬದಲಾಗಲ್ಲ."

"ಜಯಸಿಂಹಪ್ಪನೂ ಕಟ್ಟಂಗಿಲ್ವಾ?"

"ಯಾರೂ ಕಟ್ಟೋ ಹಾಗಿಲ್ಲ. ಗಿಡ, ಹೂವು, ಸೊಪ್ಪು ಬೆಳೀಬಹುದು."

ಸೊಣ್ಣಮ್ಮ ಕುರ್ಚಿಯಿಂದ ಜಿಗಿದೇಬಿಟ್ಟಳು. ಮೆಟ್ಟಿಲಿಳಿದದ್ದು, ಬಸ್ಸು ಹತ್ತಿದ್ದು, ಇಳಿದು ಓಡಿದ್ದು ಯಾವುದೂ ಅವಳ ನೆನಪಿನಲ್ಲಿಲ್ಲ. ಕೈಯಲ್ಲಿ ನಕ್ಷೆಯ ಜೆರಾಕ್ಸು, ಕಾಲಲ್ಲಿ ಒಂದೇ ಚಪ್ಪಲಿ.

ಜೆಸಿಬಿ ಆಗಲೇ ತೋಳೆತ್ತಿ ನಿಂತಿತ್ತು. ಸೊಣ್ಣಮ್ಮ ನೇರ ಅವರೆ ಸಾಲಿಗೆ ನುಗ್ಗಿ ಕೈ ಅಗಲಿಸಿದಳು. "ನಿಲ್ಸಪ್ಪೋ! ಇದು ಪಾರ್ಕಂತೆ!"

"ಯಾವ ಪಾರ್ಕಮ್ಮ?" ಜಯಸಿಂಹ ಕಾಗದ ಕಿತ್ತುಕೊಂಡ. ಮೊದಲು ನೆಲ ಚೊಕ್ಕ ಮಾಡೋಣ, ಪ್ಲ್ಯಾನು ಆಮೇಲೆ ಪಾಸು ಮಾಡಿಸಿದರಾಯಿತು ಎಂದುಕೊಂಡಿದ್ದ ಅವನು ಪಾಲಿಕೆ ಕಚೇರಿಗೆ ಫೋನು ಹಚ್ಚಿದ. ಹೂಂ, ಹೂಂ ಎನ್ನುತ್ತಾ ಅವನ ಮುಖ ಇಳಿಯಿತು. ಫೋನಿಟ್ಟು, ಅವರೆ ಬದುವಿನ ಮೇಲೆಯೇ ಕುಸಿದು ಕೂತ. ಅವನ ಹೊಸ ಬಿಳಿ ಅಂಗಿಗೆಲ್ಲಾ ಅವರೆಯ ಸೊನೆ ಮೆತ್ತಿ, ಗಮಗಮ ಎನ್ನತೊಡಗಿತು. ಆ ವಾಸನೆಗೆ ಒಂದು ಸೀನು, ಹಿಂದೆಯೇ ತಡೆಯಲಾಗದ ನಗು.

"ಕಟ್ಟಿದ ಮೇಲೆ ಗೊತ್ತಾಗಿದ್ರೆ ಎಲ್ಲಾ ಕೆಡವಿಸ್ತಿದ್ರು! ನೀವೇ ಬೆಳ್ಕೊಳ್ಳಿ ತಾಯಿ. ಆದ್ರೆ ನನ್ನ ಅನುಮತಿ ಮೇಲೆ ಅಂತ ಒಂದು ಕಾಗದ ಇರಲಿ."

ಜಯಸಿಂಹ ಜೆರಾಕ್ಸಿನ ಬೆನ್ನಿಗೇ ಎರಡು ಸಾಲು ಗೀಚಿ ಅವಳ ಹೆಬ್ಬೆಟ್ಟಿಗೆ ಶಾಯಿ ಹಚ್ಚುವಷ್ಟರಲ್ಲಿ ಹನುಮಯ್ಯ ಹೆಂಡತಿಯ ತೋಳು ಹಿಡಿದೆಳೆದ. "ಒತ್ಬ್ಯಾಡ ಕಣೆ! ಒತ್ತಿದ್ರೆ ಜಾಗ ಯಾವತ್ತೂ ನಮ್ದಾಗಲ್ಲ!"

"ಅವ್ರದು ಅಂತಲೇ ಅಲ್ವಾ ಇಷ್ಟ್ ವರ್ಸ ನಾನು ಯೋಳ್ಕೊಂಡು ಬಂದಿರೋದು? ಬಿಡು ಕೈಯ!" ಎಂದು ಸೊಣ್ಣಮ್ಮ ಹೆಬ್ಬೆಟ್ಟನ್ನು ಗಟ್ಟಿಯಾಗಿ ಒತ್ತಿದಳು. ಒತ್ತಿದ ಮೇಲೆ ಎದೆ ಹಗುರಾಗಿ, ಮಣ್ಣು ಮುಟ್ಟಿ ಕಣ್ಣಿಗೊತ್ತಿಕೊಂಡಳು.

ಜೆಸಿಬಿ ಓಡಿಸುವ ಭರಮಪ್ಪ ಬಾಗಲಕೋಟೆಯ ಕಡೆಯವನು. ಮೇಲಿಂದಲೇ ಕೂಗಿದ: "ಯಕ್ಕಾ, ಇಡೀ ದಿನಕ್ಕ ಬಾಡಿಗಿ ಗೊತ್ತ ಮಾಡ್ಯಾರ. ಖಾಲಿ ಹೋಗ್ಲೇನು?"

ಸೊಣ್ಣಮ್ಮ ಸೈಟಿನ ಮೂಲೆಯತ್ತ ಕೈ ತೋರಿದಳು. "ಬಂದಿದ್ದು ಬಂದೆ ಮಗಾ, ಅಲ್ಲೊಂದು ಗೊಬ್ಬರದ ಗುಂಡಿ ತೋಡಿಬಿಡು. ಕಾಯಿ ಸಾಲಿಗೆ ಮಾತ್ರ ಚಕ್ರ ತಾಗಿಸ್ಬೇಡ!"